ಇಷ್ಟದ ಡ್ರ್ಯಾಗನ್ನನ್ನು ಆಡಿಸುವುದು ಹೇಗೆ

(ಕಾರ್ಡ್ ಆಟದ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ಥರದ ಜನ ಕೂತಿದ್ದೀರಿ. ಕಾರ್ಡುಗಳನ್ನು ಆಲ್ಬಮ್ಮಿನಲ್ಲಿ ಜೋಪಾನ ಮಾಡುವವರು ಒಂದು ಕಡೆ, ಮೇಜಿನ ಮೇಲೆ ಹಾಕಿ ಆಡುವವರು ಇನ್ನೊಂದು ಕಡೆ. ಎರಡೂ ಗುಂಪಿಗೆ ನಾನು ಹೇಳಬೇಕಾದ್ದು ಒಂದೇ ಮಾತು. ಒಂದು ಪಾತ್ರವನ್ನು ಮೆಚ್ಚಿ ಅದರ ಕಾರ್ಡುಗಳನ್ನು ಕೂಡಿಸುತ್ತಿದ್ದೀರಾ? ಹಾಗಿದ್ದರೆ ಅವನ್ನು ಆಡಿ. ಆಡುವವರೆಗೂ ಆ ಪಾತ್ರ ನಿಮಗೆ ಅರ್ಧವೇ ಗೊತ್ತು.

ನಾನು ಮಾತಾಡುವುದು ನನಗೆ ಚೆನ್ನಾಗಿ ಗೊತ್ತಿರುವ ಒಂದು ಕಾರ್ಡಿನ ಬಗ್ಗೆ: ಯು-ಗಿ-ಓ ಅನ್ನುವ ಜಪಾನಿ ಕಾರ್ಡ್ ಆಟದ ಬ್ಲೂ-ಐಸ್ ವೈಟ್ ಡ್ರ್ಯಾಗನ್, ಅಂದರೆ ನೀಲಿ ಕಣ್ಣಿನ ಬಿಳಿ ಡ್ರ್ಯಾಗನ್. ಲೆವೆಲ್ 8. ಅಟ್ಯಾಕ್ 3000, ಡಿಫೆನ್ಸ್ 2500. ಹಳದಿ ಅಂಚಿನ ಕಾರ್ಡ್, ಅಂದರೆ ನಾರ್ಮಲ್ ಮಾನ್‌ಸ್ಟರ್. ಇದಕ್ಕೆ ತನ್ನದೇ ಆದ ಯಾವ ಎಫೆಕ್ಟೂ, ಅಂದರೆ ವಿಶೇಷ ಶಕ್ತಿಯೂ ಇಲ್ಲ. ಕೆಳಗಿನ ಚೌಕದಲ್ಲಿ ಇರುವುದು ಬರೀ ವರ್ಣನೆ: ಇದು ಎಂಥ ಭಯಂಕರ ಡ್ರ್ಯಾಗನ್, ಇದನ್ನು ಎದುರಿಸಿ ಬದುಕಿದವರು ಎಷ್ಟು ಕಡಿಮೆ ಅನ್ನುವ ಹೊಗಳಿಕೆ.

ಈ ಡ್ರ್ಯಾಗನ್ ಆಟಕ್ಕಿಂತ ಹಳೆಯದು. ಕಝುಕಿ ತಕಾಹಾಶಿ ಅವರ ಯು-ಗಿ-ಓ ಮಾಂಗಾ (ಜಪಾನಿ ಚಿತ್ರಕತೆ) 1996ರಲ್ಲಿ ಜಪಾನಿನ ವಾರಪತ್ರಿಕೆ ಶೋನೆನ್ ಜಂಪ್‌ನಲ್ಲಿ ಶುರುವಾಯಿತು. ಮೊದಲಿಗೆ ಅದು ಕಾರ್ಡ್ ಆಟದ ಕತೆಯೇ ಆಗಿರಲಿಲ್ಲ. ಒಂದೊಂದು ಅಧ್ಯಾಯದಲ್ಲಿ ಒಂದೊಂದು ಆಟ ಬರುತ್ತಿತ್ತು, ಕಾರ್ಡ್ ಆಟವೂ ಅದರಲ್ಲಿ ಒಂದು. ಓದುಗರು ಅದನ್ನು ಎಷ್ಟು ಮೆಚ್ಚಿ ಕಾಗದ ಬರೆದರೆಂದರೆ, ತಕಾಹಾಶಿ ಕಾರ್ಡ್ ಆಟವನ್ನೇ ಕತೆಯ ನಡುವಿಗೆ ತಂದರು. 1999ರಲ್ಲಿ ಕೊನಾಮಿ ಕಂಪನಿ ಅದನ್ನು ನಿಜವಾದ ಆಟವನ್ನಾಗಿ ಮಾರುಕಟ್ಟೆಗೆ ಬಿಟ್ಟಿತು. 2002ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಇಂಗ್ಲಿಷ್ ಕಾರ್ಡುಗಳು ಬಂದಾಗ, ಮೊದಲ ಬೂಸ್ಟರ್ ಸೆಟ್ಟಿಗೆ, ಅಂದರೆ ಒಳಗೆ ಯಾವ ಕಾರ್ಡ್ ಇದೆ ಎಂದು ಗೊತ್ತಿಲ್ಲದ ಪ್ಯಾಕೆಟ್ಟುಗಳ ಸರಣಿಗೆ, ಇಟ್ಟಿದ್ದು ಈ ಡ್ರ್ಯಾಗನ್ನಿನ ಹೆಸರನ್ನೇ. ಆ ಸೆಟ್ಟಿನ ಒಂದನೇ ನಂಬರಿನ ಕಾರ್ಡೂ ಇದೇ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪ್ರಪಂಚದಲ್ಲೆಲ್ಲ ಈ ಕಾರ್ಡಿನ ನಾಲ್ಕೇ ಪ್ರತಿಗಳಿವೆ. ಒಂದು ಪ್ರತಿ ಕಥಾನಾಯಕ ಯುಗಿಯ ತಾತನ ಹತ್ತಿರ ಇದೆ. ಅವರದು ಆಟದ ಸಾಮಾನಿನ ಚಿಕ್ಕ ಅಂಗಡಿ. ಆ ಕಾರ್ಡನ್ನು ಕೊಟ್ಟವರು ಅವರ ಹಳೆಯ ಗೆಳೆಯರು, ಹಾಗಾಗಿ ಯಾರು ಎಷ್ಟು ಕೊಡುತ್ತೇನೆಂದರೂ ತಾತ ಅದನ್ನು ಮಾರುವುದಿಲ್ಲ. ಸೆಟೊ ಕೈಬಾ ಅನ್ನುವ ಶ್ರೀಮಂತ ಹುಡುಗನಿಗೆ ಈ ಡ್ರ್ಯಾಗನ್ ಅಂದರೆ ಹುಚ್ಚು. ಅವನ ಹತ್ತಿರ ಉಳಿದ ಮೂರೂ ಇವೆ. ನಾಲ್ಕನೆಯದು ಕೈಗೆ ಸಿಕ್ಕಾಗ ಕೈಬಾ ಅದನ್ನು ಹರಿದುಹಾಕುತ್ತಾನೆ. ಯಾಕೆ ಗೊತ್ತಾ? ಒಂದು ಡೆಕ್ಕಿನಲ್ಲಿ, ಅಂದರೆ ಆಡಲು ಜೋಡಿಸಿಕೊಂಡ ಕಾರ್ಡುಗಳ ಕಟ್ಟಿನಲ್ಲಿ, ಒಂದೇ ಕಾರ್ಡಿನ ಮೂರು ಪ್ರತಿ ಮಾತ್ರ ಇಡಬಹುದು. ನಾಲ್ಕನೆಯದು ತನಗೆ ಉಪಯೋಗಕ್ಕೆ ಬರುವುದಿಲ್ಲ, ಆದರೆ ಇನ್ನೊಬ್ಬರ ಕೈಯಲ್ಲಿದ್ದರೆ ತನ್ನ ಮೇಲೇ ಬರಬಹುದು.

ಕೂಡಿಸುವವರ ಎರಡು ಮನಸ್ಸುಗಳನ್ನು ಈ ಕತೆ ಎದುರುಬದುರು ನಿಲ್ಲಿಸುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ತಾತನಿಗೆ ಆ ಕಾರ್ಡು ಗೆಳೆಯನ ನೆನಪು. ಕೈಬಾನಿಗೆ ಅದು ಬೇರೆ ಯಾರ ಹತ್ತಿರವೂ ಇರಬಾರದು. ಹಾಗಂತ ಕೈಬಾನನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವನು ಆ ಮೂರನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟವನಲ್ಲ. ಕೊನೆವರೆಗೂ ಆಡಿದ.

ಈಗ ನಿಜವಾದ ಆಟಕ್ಕೆ ಬರೋಣ. ಮೊದಲ ಕಂತಿನ ಕತೆಯಲ್ಲಿ ಕೈಬಾ ಈ ಡ್ರ್ಯಾಗನ್ನನ್ನು ಕೈಯಿಂದ ತೆಗೆದು ನೇರವಾಗಿ ಮೇಜಿನ ಮೇಲೆ ಇಡುತ್ತಿದ್ದ. ನಿಜವಾದ ಆಟದ ನಿಯಮ ಬೇರೆ. ಲೆವೆಲ್ 7 ಅಥವಾ ಅದಕ್ಕಿಂತ ಮೇಲಿನ ಮಾನ್‌ಸ್ಟರನ್ನು ಸಮನ್ ಮಾಡಬೇಕಾದರೆ, ಅಂದರೆ ಮೇಜಿಗೆ ಇಳಿಸಬೇಕಾದರೆ, ಮೇಜಿನ ಮೇಲಿರುವ ನಿಮ್ಮ ಎರಡು ಮಾನ್‌ಸ್ಟರ್‌ಗಳನ್ನು ಟ್ರಿಬ್ಯೂಟ್, ಅಂದರೆ ಬಲಿ ಕೊಡಬೇಕು. ಲೆಕ್ಕ ಹಾಕಿ ನೋಡಿ. ಮೂರು ಕಾರ್ಡ್ ಖರ್ಚಾಗಿ ಮೇಜಿನ ಮೇಲೆ ಒಂದು ಉಳಿಯಿತು. ಎದುರಿನವನು ಟ್ರ್ಯಾಪ್ ಹೋಲ್ ಅನ್ನುವ ಒಂದು ಸಾದಾ ಟ್ರ್ಯಾಪ್ ಕಾರ್ಡ್ (ಮೊದಲೇ ಮುಚ್ಚಿಟ್ಟ ಬಲೆ) ತಿರುಗಿಸಿದರೆ ಆ ಒಂದೂ ಹೋಯಿತು. ನಿಮ್ಮ ಮೂರಕ್ಕೆ ಅವನ ಒಂದು. ಹಾಗಾಗಿ ಆಗಿನ ಆಟಗಾರರು ಸಮನ್ಡ್ ಸ್ಕಲ್ ಅನ್ನುವ ಬೇರೊಂದು ಕಾರ್ಡ್ ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಅಟ್ಯಾಕ್ 2500, ಟ್ರಿಬ್ಯೂಟ್ ಒಂದೇ ಸಾಕು. ಡ್ರ್ಯಾಗನ್ ಆಲ್ಬಮ್ ಸೇರಿತು.

ಇನ್ನೊಂದು ತೊಂದರೆಯೂ ಇತ್ತು. 40 ಕಾರ್ಡಿನ ಡೆಕ್ಕಿನಲ್ಲಿ ಮೂರು ಡ್ರ್ಯಾಗನ್ ಇಟ್ಟು ಐದು ಕಾರ್ಡ್ ಎಳೆದರೆ, ಕನಿಷ್ಠ ಒಂದು ಡ್ರ್ಯಾಗನ್ ಕೈಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 34. ಬಂದರೆ ಖುಷಿಪಡಬೇಕಲ್ವಾ? ಆದರೆ ಎರಡು ಟ್ರಿಬ್ಯೂಟ್ ಇಲ್ಲದೆ ಅದು ಕೈಯಲ್ಲೇ ಕೂತಿರುತ್ತದೆ. ಆಡುವವರು ಇದಕ್ಕೆ ಬ್ರಿಕ್ ಅನ್ನುತ್ತಾರೆ. ನೀವು ಅತಿ ಹೆಚ್ಚು ಇಷ್ಟಪಡುವ ಕಾರ್ಡ್ ಕೈಗೆ ಬಂದಾಗಲೇ ಮನಸ್ಸು ಕುಗ್ಗುವ ಪರಿಸ್ಥಿತಿ ಅದು.

ಕತೆ ಹೇಳಿದ ಬಲ ಒಂದು, ಆಟದಲ್ಲಿ ಸಿಕ್ಕ ಬಲ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಮುಚ್ಚುವ ಕೆಲಸ 25 ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಯುತ್ತಿದೆ. ನನಗೆ ಈ ಕಾರ್ಡಿನಲ್ಲಿ ಅತಿ ಹೆಚ್ಚು ಇಷ್ಟವಾಗುವ ವಿಷಯ ಇದೇ. ಕೊನಾಮಿಯವರು ಡ್ರ್ಯಾಗನ್ನಿನ ಮೂಲ ಕಾರ್ಡನ್ನು ತಿದ್ದಲಿಲ್ಲ. ಅಟ್ಯಾಕ್ ಅಷ್ಟೇ ಇದೆ, ಎಫೆಕ್ಟ್ ಇವತ್ತಿಗೂ ಇಲ್ಲ. ಬದಲಿಗೆ ಅದರ ಸುತ್ತ ಬೇರೆ ಕಾರ್ಡುಗಳನ್ನು ಕಟ್ಟುತ್ತಾ ಹೋದರು. ಇದನ್ನು ಓದಿ ತಿಳಿದುಕೊಳ್ಳುವುದಕ್ಕೂ ಮೇಜಿನ ಮೇಲೆ ಒಂದೊಂದಾಗಿ ಆಡಿ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದಮೊದಲ ಕಾರ್ಡುಗಳು ಸರಳ. ಕೈಬಾಮ್ಯಾನ್ ಅಂತ ಒಂದಿದೆ. ಡ್ರ್ಯಾಗನ್ ವೇಷ ತೊಟ್ಟ ಕೈಬಾನೇ ಅದು. ಅಟ್ಯಾಕ್ ಬರೀ 200. ಆದರೆ ಅವನೊಬ್ಬನನ್ನೇ ಟ್ರಿಬ್ಯೂಟ್ ಕೊಟ್ಟರೆ ಕೈಯಲ್ಲಿರುವ ಡ್ರ್ಯಾಗನ್ ಮೇಜಿಗೆ ಬರುತ್ತದೆ. ಟ್ರೇಡ್-ಇನ್ ಅನ್ನುವ ಸ್ಪೆಲ್ (ಮಂತ್ರದ ಕಾರ್ಡ್) ಲೆವೆಲ್ 8ರ ಒಂದು ಮಾನ್‌ಸ್ಟರನ್ನು ಕೈಯಿಂದ ಎಸೆದು ಎರಡು ಹೊಸ ಕಾರ್ಡ್ ಎಳೆಯಲು ಬಿಡುತ್ತದೆ. ವೈಟ್ ಸ್ಟೋನ್ ಆಫ್ ಲೆಜೆಂಡ್ ಅನ್ನುವ ಕಾರ್ಡ್ ಗ್ರೇವ್‌ಯಾರ್ಡಿಗೆ (ಬಳಸಿದ, ನಾಶವಾದ ಕಾರ್ಡುಗಳ ರಾಶಿಗೆ) ಹೋದರೆ ಡೆಕ್ಕಿನಿಂದ ಡ್ರ್ಯಾಗನ್ ಕೈಗೆ ಬರುತ್ತದೆ. ಕೈಯಲ್ಲಿ ಸುಮ್ನೆ ಕೂರುತ್ತಿದ್ದ ಡ್ರ್ಯಾಗನ್ ಈಗ ಬೇರೆ ಕಾರ್ಡ್ ಎಳೆಯುವ ದಾರಿಯಾಯಿತು.

2013ರಲ್ಲಿ ಈ ಡ್ರ್ಯಾಗನ್ನಿಗೆಂದೇ ಒಂದು ಸ್ಟ್ರಕ್ಚರ್ ಡೆಕ್, ಅಂದರೆ ಆಡಲು ಸಿದ್ಧವಾಗಿರುವ ಕಾರ್ಡುಗಳ ಕಟ್ಟು ಬಂತು. ಅದರಲ್ಲಿದ್ದ ಮೇಡನ್ ವಿತ್ ಐಸ್ ಆಫ್ ಬ್ಲೂ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಬೇಜಾರಾಗಬೇಡಿ. ಅದು ಲೆವೆಲ್ 1. ಅಟ್ಯಾಕ್ ಸೊನ್ನೆ, ಡಿಫೆನ್ಸೂ ಸೊನ್ನೆ. ಚಿತ್ರದಲ್ಲಿ ನೀಲಿ ಕಣ್ಣಿನ ಒಬ್ಬ ಹುಡುಗಿ. ಯಾರಾದರೂ ಅವಳ ಮೇಲೆ ದಾಳಿ ಮಾಡಿದರೆ ಆ ದಾಳಿ ನಿಲ್ಲುತ್ತದೆ. ಆಮೇಲೆ ಬ್ಲೂ-ಐಸ್ ಡ್ರ್ಯಾಗನ್ ಕೈಯಿಂದಲೋ, ಡೆಕ್ಕಿನಿಂದಲೋ, ಗ್ರೇವ್‌ಯಾರ್ಡಿನಿಂದಲೋ ಎದ್ದು ಬರುತ್ತದೆ. ಯಾವುದಾದರೂ ಎಫೆಕ್ಟಿಗೆ ಅವಳನ್ನು ಗುರಿ ಮಾಡಿದರೂ ಅಷ್ಟೇ, ಡ್ರ್ಯಾಗನ್ ಬರುತ್ತದೆ.

ಕತೆ ಓದಿದವರಿಗೆ ಇಲ್ಲಿ ಮೈ ಜುಂ ಅನ್ನುತ್ತದೆ. ಮಾಂಗಾದ ಕೊನೆಯ ಭಾಗ ನಡೆಯುವುದು ಹಳೆಯ ಈಜಿಪ್ಟಿನಲ್ಲಿ. ಅಲ್ಲಿ ಕಿಸಾರಾ ಅನ್ನುವ ಹುಡುಗಿ ಇದ್ದಾಳೆ. ಬೆಳ್ಳಗಿನ ಕೂದಲು, ನೀಲಿ ಕಣ್ಣು. ಬಿಳಿ ಡ್ರ್ಯಾಗನ್ ಇರುವುದು ಅವಳ ಆತ್ಮದೊಳಗೆ. ಸೆಟೊ ಅನ್ನುವ ಪುರೋಹಿತನನ್ನು ಕಾಪಾಡಲು ಹೋಗಿ ಅವಳು ಸಾಯುತ್ತಾಳೆ, ಡ್ರ್ಯಾಗನ್ ಅವನ ಜೊತೆ ಉಳಿಯುತ್ತದೆ. ಆಟ ರೂಪಿಸಿದವರು ಇದನ್ನು ಕಾರ್ಡಿನಲ್ಲಿ ಮತ್ತೆ ಬರೆದು ವಿವರಿಸಲಿಲ್ಲ. ಆಡಿದಾಗ ತಾನಾಗಿ ನಡೆಯುವ ಹಾಗೆ ಮಾಡಿದರು. ನಿಮ್ಮ ಸೊನ್ನೆ ಬಲದ ಹುಡುಗಿಯ ಮೇಲೆ ಎದುರಿನವನು ಕೈ ಎತ್ತುತ್ತಾನೆ, ಡ್ರ್ಯಾಗನ್ ಏಳುತ್ತದೆ. ಆ ಹುಡುಗಿ ಟ್ಯೂನರ್ ಬೇರೆ, ಅಂದರೆ ಅವಳ ಲೆವೆಲ್ಲನ್ನು ಇನ್ನೊಂದು ಕಾರ್ಡಿನ ಲೆವೆಲ್ಲಿಗೆ ಕೂಡಿಸಿ, ಎರಡನ್ನೂ ಬಿಟ್ಟುಕೊಟ್ಟು, ದೊಡ್ಡದೊಂದನ್ನು ಕರೆಯಬಹುದು. ಅವಳ ಲೆವೆಲ್ 1, ಡ್ರ್ಯಾಗನ್ನಿನ ಲೆವೆಲ್ 8, ಎರಡೂ ಸೇರಿದರೆ 9. ಲೆವೆಲ್ 9ರ ಅಝೂರ್-ಐಸ್ ಸಿಲ್ವರ್ ಡ್ರ್ಯಾಗನ್ ಬಂದು ಗ್ರೇವ್‌ಯಾರ್ಡಿನಲ್ಲಿರುವ ನಾರ್ಮಲ್ ಮಾನ್‌ಸ್ಟರನ್ನು ಸರದಿ ಸರದಿಗೆ ಎಬ್ಬಿಸುತ್ತದೆ. ಅವಳು ಹೋದ ಮೇಲೂ ಡ್ರ್ಯಾಗನ್ ಮರಳಿ ಬರುತ್ತದೆ. ಇದು ಆಲ್ಬಮ್ಮಿನ ಪುಟದಲ್ಲಿ ಕಾಣುವುದಿಲ್ಲ. ಅಲ್ಲಿ ಅದು ಸೊನ್ನೆ ಅಂಕದ ಒಂದು ಚಂದದ ಚಿತ್ರ, ಅಷ್ಟೇ.

ಆಮೇಲೆ ಬಂದದ್ದು 2016. ಮಾಂಗಾ ಶುರುವಾಗಿ 20 ವರ್ಷ. ಆ ವರ್ಷ ಬ್ಲೂ-ಐಸ್ ಆಲ್ಟರ್ನೇಟಿವ್ ವೈಟ್ ಡ್ರ್ಯಾಗನ್ ಬಂತು. ಇದನ್ನು ಮೇಜಿಗೆ ತರಲು ಟ್ರಿಬ್ಯೂಟ್ ಬೇಡ. ಕೈಯಲ್ಲಿ ಹಳೆಯ ಬ್ಲೂ-ಐಸ್ ಇದೆ ಎಂದು ಎದುರಿನವರಿಗೆ ತೋರಿಸಿದರೆ ಸಾಕು. ಅಟ್ಯಾಕ್ ಅದೇ 3000. ಆ ಸರದಿಯಲ್ಲಿ ದಾಳಿ ಬಿಟ್ಟುಕೊಟ್ಟರೆ ಎದುರಿನ ಒಂದು ಮಾನ್‌ಸ್ಟರನ್ನು ನಾಶ ಮಾಡಬಹುದು. ತೋರಿಸಿದ ಹಳೆಯ ಕಾರ್ಡನ್ನು ಆಮೇಲೆ ಟ್ರೇಡ್-ಇನ್‌ಗೆ ಎಸೆದು ಎರಡು ಕಾರ್ಡ್ ಎಳೆದುಕೊಳ್ಳಬಹುದು. ಇಷ್ಟು ವರ್ಷ ಕೈಯಲ್ಲಿದ್ದರೆ ಹೊರೆಯಾಗಿದ್ದ ಕಾರ್ಡ್ ಈಗ ಕೈಯಲ್ಲಿ ಇಲ್ಲದಿದ್ದರೆ ಕಷ್ಟ ಅನ್ನುವ ಹಾಗಾಯಿತು.

ಅದೇ ವರ್ಷ ಬಂದ ಬ್ಲೂ-ಐಸ್ ಸ್ಪಿರಿಟ್ ಡ್ರ್ಯಾಗನ್ ಮೇಜಿನಲ್ಲಿದ್ದರೆ ಯಾರೂ ಒಂದೇ ಸಲಕ್ಕೆ ಎರಡು ಅಥವಾ ಹೆಚ್ಚು ಮಾನ್‌ಸ್ಟರ್‌ಗಳನ್ನು ಸ್ಪೆಷಲ್ ಸಮನ್ ಮಾಡುವ (ಮಾಮೂಲಿ ಸಮನ್ ಬಿಟ್ಟು ಬೇರೆ ದಾರಿಯಿಂದ ಮೇಜಿಗೆ ಇಳಿಸುವ) ಹಾಗಿಲ್ಲ. ಆ ಕಾಲದ ಬಲವಾದ ಡೆಕ್ಕುಗಳು ಪೆಂಡುಲಮ್ ಅನ್ನುವ ವಿಧಾನದ ಮೂಲಕ ಗುಂಪುಗುಂಪಾಗಿ ಸಮನ್ ಮಾಡುತ್ತಿದ್ದವು. ಅವುಗಳ ಕೈ ಕಟ್ಟಿದ ಹಾಗಾಯಿತು. ಆ ವರ್ಷದ ವರ್ಲ್ಡ್ ಚಾಂಪಿಯನ್‌ಶಿಪ್ ಅಮೆರಿಕದ ಒರ್ಲ್ಯಾಂಡೊದಲ್ಲಿ ನಡೆಯಿತು. ಗೆದ್ದವರು ಜಪಾನಿನ ಶುನ್‌ಸುಕೆ ಹಿಯಾಮಾ. ಅವರ ಡೆಕ್ ಬ್ಲೂ-ಐಸ್. ಎಷ್ಟೋ ವರ್ಷ "ಚಿತ್ರಕ್ಕೆ ಚೆನ್ನ, ಆಟಕ್ಕೆ ಬೇಡ" ಅನ್ನಿಸಿಕೊಂಡ ಡ್ರ್ಯಾಗನ್ ಪ್ರಪಂಚದ ಕಿರೀಟ ತಂದಿತು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಹೆಮ್ಮೆಯಾಗುತ್ತದೆ.

2025ರ ಆರಂಭದಲ್ಲಿ ಇಂಗ್ಲಿಷಿನಲ್ಲಿ ಬ್ಲೂ-ಐಸ್ ವೈಟ್ ಡೆಸ್ಟಿನಿ ಅನ್ನುವ ಹೊಸ ಸ್ಟ್ರಕ್ಚರ್ ಡೆಕ್ ಬಂತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಪ್ರಿಮೈಟ್ ಅನ್ನುವ ಬೇರೆ ಗುಂಪಿನ ಕಾರ್ಡುಗಳೂ ಬಂದವು. ಅವು ಕೆಲಸ ಮಾಡುವುದೇ ನಾರ್ಮಲ್ ಮಾನ್‌ಸ್ಟರ್‌ಗಳನ್ನು ನೆಚ್ಚಿಕೊಂಡು. ಎಫೆಕ್ಟ್ ಇಲ್ಲದಿರುವುದು ಈ ಡ್ರ್ಯಾಗನ್ನಿನ ಕೊರತೆಯಾಗಿತ್ತಲ್ಲ, ಅದೇ ಈಗ ಅದರ ಅರ್ಹತೆಯಾಯಿತು. ದೊಡ್ಡ ಟೂರ್ನಮೆಂಟ್‌ಗಳ ಮೇಜಿನ ಮೇಲೆ ಹಳದಿ ಅಂಚಿನ ಆ ಕಾರ್ಡ್ ಮತ್ತೆ ಕಾಣಿಸಿಕೊಂಡಿತು.

ಈಗ ಕೂಡಿಸುವವರ ಕಡೆಗೆ ತಿರುಗುತ್ತೇನೆ. ಎಲ್ಲ ಸೆಟ್ಟುಗಳ ಎಲ್ಲ ಕಾರ್ಡುಗಳ ಹಿಂದೆ ಓಡಿದರೆ ಹಣವೂ ಮುಗಿಯುತ್ತದೆ, ಮನಸ್ಸೂ ದಣಿಯುತ್ತದೆ. ಒಂದೇ ಪಾತ್ರ ಹಿಡಿದುಕೊಂಡರೆ ಬೇಲಿ ಇರುತ್ತದೆ. ಆದರೆ ಬ್ಲೂ-ಐಸ್ ವಿಷಯದಲ್ಲಿ ಆ ಬೇಲಿಯೂ ದೊಡ್ಡದು, ಯಾಕೆಂದರೆ ಇದನ್ನು ಲೆಕ್ಕವಿಲ್ಲದಷ್ಟು ಸಲ ಮರುಮುದ್ರಣ ಮಾಡಿದ್ದಾರೆ. ಪ್ರತಿಯೊಂದು ಮುದ್ರಣವನ್ನೂ ಹುಡುಕುವುದಕ್ಕಿಂತ, ಒಂದೊಂದು ಚಿತ್ರಕ್ಕೆ ಒಂದೊಂದು ಕಾರ್ಡ್ ಎಂದು ಕೂಡಿಸುವುದು ನನಗೆ ಸರಿ ಅನ್ನಿಸುತ್ತದೆ. 2002ರ ಬೂಸ್ಟರ್‌ನ ಚಿತ್ರವೂ ಅದೇ ವರ್ಷದ ಕೈಬಾ ಸ್ಟಾರ್ಟರ್ ಡೆಕ್ಕಿನ ಚಿತ್ರವೂ ಬೇರೆ ಬೇರೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದೇ ಒಂದು ಸುಖ.

ಬೆಲೆಯ ಹಿಂದೆ ಹೋಗಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಈ ಕಾರ್ಡಿನ ಬೆಲೆಗೆ ಹದ್ದೇ ಇಲ್ಲ. 2021ರಲ್ಲಿ ಚೀನಾದ ಒಂದು ನ್ಯಾಯಾಲಯ ಒಬ್ಬ ಅಪರಾಧಿಯ ಆಸ್ತಿಯನ್ನು ಆನ್‌ಲೈನ್ ಹರಾಜಿಗೆ ಹಾಕಿತು. ಅದರಲ್ಲಿ ಚಿನ್ನದ ಒಂದು ಬ್ಲೂ-ಐಸ್ ಕಾರ್ಡ್ ಇತ್ತು. ಶುರುವಿನ ಬೆಲೆ 80 ಯುವಾನ್. ನೋಡನೋಡುತ್ತಾ ಕೂಗು 8 ಕೋಟಿ ಯುವಾನ್ ದಾಟಿತು. ಕೊನೆಗೆ ಹರಾಜನ್ನೇ ನಿಲ್ಲಿಸಬೇಕಾಯಿತು. ಅದೇ ಡ್ರ್ಯಾಗನ್ನಿನ ಸಾದಾ ಮರುಮುದ್ರಣ ತೀರಾ ಅಗ್ಗಕ್ಕೆ ಸಿಗುತ್ತದೆ. ಆಡುವಾಗ ಎರಡರ ಅಟ್ಯಾಕೂ 3000.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಅನೇಕರು ಈ ಡ್ರ್ಯಾಗನ್ನನ್ನು ಮೊದಲು ನೋಡಿದ್ದು ಟೀವಿಯಲ್ಲಿ, ಮೊದಲು ಮುಟ್ಟಿದ್ದು ಪೆಟ್ಟಿಗೆ ಅಂಗಡಿಯ ನಕಲಿ ಪ್ಯಾಕೆಟ್ಟಿನಲ್ಲಿ. ಬಾಲ್ಯದ ನೆನಪು ಅಂತ ಅವನ್ನು ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಅಸಲಿ ಅಂತ ದುಡ್ಡು ಕೊಡುವಾಗ ನಾಲ್ಕು ಜಾಗ ನೋಡಿ. ಚಿತ್ರದ ಕೆಳಗೆ ಬಲಗಡೆ ಸೆಟ್ ಕೋಡ್, ಅಂದರೆ ಯಾವ ಸೆಟ್ಟಿನ ಎಷ್ಟನೇ ಕಾರ್ಡ್ ಎನ್ನುವ ಗುರುತು ಇರುತ್ತದೆ. ಕೆಳಗಿನ ಬಲ ಮೂಲೆಯಲ್ಲಿ ಹೊಳೆಯುವ ಚಿಕ್ಕ ಚೌಕ ಇರುತ್ತದೆ, ನಕಲಿಯಲ್ಲಿ ಅದು ಇರುವುದಿಲ್ಲ ಅಥವಾ ಮಂಕಾಗಿರುತ್ತದೆ. ಎಡ ಮೂಲೆಯಲ್ಲಿ ಎಂಟು ಅಂಕಿಯ ಪಾಸ್‌ವರ್ಡ್, ಬ್ಲೂ-ಐಸ್ ಆದರೆ 89631139. ಕೆಲವು ಮುದ್ರಣಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೂ ಇರಬಹುದು, ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಕೊನೆಯದಾಗಿ ಅಕ್ಷರ. ನಕಲಿಯಲ್ಲಿ ಅಕ್ಷರ ಹರಡಿಕೊಂಡಿರುತ್ತದೆ, ಸ್ಪೆಲಿಂಗ್ ತಪ್ಪಿರುತ್ತದೆ. ಇನ್ನು ಜಪಾನಿ ಭಾಷೆಯ ಕಾರ್ಡುಗಳು. ಅವು ತುಂಬಾ ಚೆನ್ನಾಗಿರುತ್ತವೆ, ಆಲ್ಬಮ್ಮಿಗೆ ಒಪ್ಪುತ್ತವೆ. ಆದರೆ ಅಮೆರಿಕ, ಯುರೋಪಿನ ಅಧಿಕೃತ ಟೂರ್ನಮೆಂಟ್‌ಗಳಲ್ಲಿ ಅವನ್ನು ಆಡಲು ಬಿಡುವುದಿಲ್ಲ. ಅಲ್ಲಿ ಓದಲು ಹೋಗುವ ಹುಡುಗರು ಇದನ್ನು ನೆನಪಿಡಿ.

ಹೊಳೆಯುವ ಕಾರ್ಡುಗಳ ಬಗ್ಗೆಯೂ ಒಂದು ಮಾತು. ಅವುಗಳ ಮುಂಭಾಗದಲ್ಲಿ ಫಾಯಿಲ್ ಪದರ, ಹಿಂದೆ ಕಾಗದ. ಕಾಗದ ತೇವ ಹೀರಿ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ. ಹಾಗಾಗಿ ಕಾರ್ಡ್ ಬಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಒಂದು ಕಡೆಗೆ ಬಾಗಿದ್ದು ಕಲಬುರಗಿಯ ಬೇಸಿಗೆಯಲ್ಲಿ ಇನ್ನೊಂದು ಕಡೆಗೆ ಬಾಗಬಹುದು. ಇದು ಬರೀ ಅಂದದ ವಿಷಯ ಅಂದುಕೊಳ್ಳಬೇಡಿ. ಸಪಾಟಾದ 37 ಕಾರ್ಡುಗಳ ನಡುವೆ ಮೂರು ಡ್ರ್ಯಾಗನ್ ಮಾತ್ರ ಬಾಗಿದ್ದರೆ ಅವು ಡೆಕ್ಕಿನಲ್ಲಿ ಎಲ್ಲಿವೆ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ. ಟೂರ್ನಮೆಂಟ್‌ನಲ್ಲಿ ಜಡ್ಜ್ ಅದನ್ನು ಗುರುತು ಮಾಡಿದ ಕಾರ್ಡ್ ಎಂದು ಪರಿಗಣಿಸಬಹುದು. ಅದಕ್ಕೇ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಪಿವಿಸಿ ಇಲ್ಲದ ಹಾಳೆ ಬಳಸಿ. ಯು-ಗಿ-ಓ ಕಾರ್ಡಿನ ಅಳತೆ 59 ಗುಣಿಸು 86 ಮಿಲಿಮೀಟರ್. ಪೊಕೆಮಾನ್ ಕಾರ್ಡಿನ ಸ್ಲೀವ್ (ಪ್ಲಾಸ್ಟಿಕ್ ಕವರ್) ಇದಕ್ಕೆ ಸಡಿಲವಾಗುತ್ತದೆ, ಚಿಕ್ಕ ಸೈಜಿನದನ್ನೇ ಕೇಳಿ ತೆಗೆದುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಆಡುವುದಕ್ಕೆ ಸಾದಾ ಮುದ್ರಣದ ಮೂರು ಕಾರ್ಡ್ ಬೇರೆ ಇರಲಿ, ಹಳೆಯದು ಆಲ್ಬಮ್ಮಿನಲ್ಲಿ ಇರಲಿ. ತಾತನ ಆಸೆಯೂ ನಡೆಯಿತು, ಕೈಬಾನ ಆಸೆಯೂ ನಡೆಯಿತು.

ಎಲ್ಲಿಂದ ಶುರು ಮಾಡಬೇಕು ಅನ್ನುವವರು ಮಾಸ್ಟರ್ ಡ್ಯುಯೆಲ್‌ನಿಂದ ಶುರು ಮಾಡಿ. 2022ರಲ್ಲಿ ಕೊನಾಮಿಯೇ ತಂದ ಡಿಜಿಟಲ್ ಆಟ ಅದು, ಡೌನ್‌ಲೋಡ್‌ಗೆ ಹಣ ಕೊಡಬೇಕಿಲ್ಲ. ಡೆಕ್ ಕೈಹಿಡಿಯುತ್ತದೋ ಇಲ್ಲವೋ ಅಲ್ಲಿ ನೋಡಿಕೊಂಡು ಆಮೇಲೆ ಕಾಗದದ ಕಾರ್ಡ್ ಕೊಳ್ಳಬಹುದು. ಕೊಳ್ಳುವಾಗ ಬೂಸ್ಟರ್ ಪ್ಯಾಕೆಟ್ ಒಡೆದು ಅದೃಷ್ಟ ನೋಡುವುದಕ್ಕಿಂತ ಸ್ಟ್ರಕ್ಚರ್ ಡೆಕ್ ಒಳ್ಳೆಯದು. ಒಳಗೆ ಏನಿದೆ ಎಂದು ಮೊದಲೇ ಗೊತ್ತಿರುತ್ತದೆ. ಎಷ್ಟೋ ಆಟಗಾರರು ಒಂದೇ ಸ್ಟ್ರಕ್ಚರ್ ಡೆಕ್ಕನ್ನು ಮೂರು ಕೊಳ್ಳುತ್ತಾರೆ, ಮುಖ್ಯ ಕಾರ್ಡುಗಳ ಮೂರು ಮೂರು ಪ್ರತಿ ಸಿಗಲಿ ಅಂತ.

ಕೊನೆಗೆ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಬ್ಲೂ-ಐಸ್‌ಗೆ ಕಂಪನಿಯೇ ಇಷ್ಟೆಲ್ಲ ಮಾಡಿಕೊಟ್ಟಿದೆ. ನನಗೆ ಇಷ್ಟ ಸೆಲ್ಟಿಕ್ ಗಾರ್ಡಿಯನ್. ಅದರ ಅಟ್ಯಾಕ್ 1400. ನಾನೇನು ಮಾಡಲಿ?"

ತುಂಬಾ ಒಳ್ಳೆಯ ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರವನ್ನೂ ಬರೆಯುತ್ತೇನೆ. ನಿನ್ನ ಕಾರ್ಡಿನ ಹೆಸರಿಟ್ಟು ಹುಡುಕಪ್ಪ. ಜನಕ್ಕೆ ಇಷ್ಟವಾದ ಹಳೆಯ ಪಾತ್ರಗಳಿಗೆ ಬಹುತೇಕ ಇನ್ನೊಂದು ರೂಪ ಬಂದಿರುತ್ತದೆ. ಅಬ್ನಾಕ್ಷಸ್ ಸೆಲ್ಟಿಕ್ ಗಾರ್ಡ್ ಅಂತ ಒಂದಿದೆ. ಅದರ ಅಟ್ಯಾಕೂ 1400. ಆದರೆ 1900 ಅಥವಾ ಅದಕ್ಕಿಂತ ಹೆಚ್ಚು ಅಟ್ಯಾಕ್ ಇರುವ ಮಾನ್‌ಸ್ಟರ್ ಜೊತೆ ಹೋರಾಡಿದರೆ ಅದು ನಾಶವಾಗುವುದಿಲ್ಲ. ನನ್ನ ಡ್ರ್ಯಾಗನ್ 3000 ಇಟ್ಟುಕೊಂಡು ಬಂದು ಹೊಡೆದರೂ ನಿನ್ನ ಸೈನಿಕ ನಿಂತೇ ಇರುತ್ತಾನೆ. ಅಟ್ಯಾಕ್ ಸ್ಥಿತಿಯಲ್ಲಿದ್ದರೆ ನಿನ್ನ ಲೈಫ್ ಪಾಯಿಂಟ್‌ನಲ್ಲಿ 1600 ಹೋಗುತ್ತದೆ, ಅಡ್ಡ ತಿರುಗಿಸಿ ಡಿಫೆನ್ಸ್‌ನಲ್ಲಿ ಇಟ್ಟರೆ ಅದೂ ಇಲ್ಲ. ಎಫೆಕ್ಟಿನಿಂದ ನಾಶ ಮಾಡುವ ಕಾರ್ಡುಗಳು ನನ್ನ ಹತ್ತಿರ ಇವೆ. ಅದಕ್ಕೆ ಎದುರೇಟು ಕೊಡುವ ಸ್ಪೆಲ್, ಟ್ರ್ಯಾಪ್‌ಗಳನ್ನು ನೀನು ಆರಿಸಬೇಕು. ಡೆಕ್ ಕಟ್ಟುವ ಕೆಲಸ ಅಲ್ಲಿಂದಲೇ ಶುರು. ಇವತ್ತು ನನ್ನ ಡೆಕ್ ತಂದಿದ್ದೇನೆ. ಹಿಂದಿನ ಮೇಜು ಖಾಲಿ ಇದೆ, ನಿನ್ನ ಕಾರ್ಡುಗಳನ್ನು ತಗೊಂಡು ಬಾ.